ಅಕ್ಕ ಎಸೆದ ನಾಲ್ಕನೇ ಚೀಲ

ಒಬ್ಬ ತಾಯಿಗೆ ಎರಡು ಊರಲ್ಲಿ ಒಟ್ಟಿಗೇ ಬಾಣಂತನ ಮಾಡಲು ಬರುವುದಿಲ್ಲ. 2006ರ ಆ ಬೇಸಿಗೆಯಲ್ಲಿ ನಮ್ಮ ಮನೆಯವರಿಗೆಲ್ಲ ಇದು ಗೊತ್ತಿತ್ತು, ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ನನಗೆ ಐದು ತಿಂಗಳು. ಅಕ್ಕನಿಗೆ ಮೂರು ತುಂಬಿ ನಾಲ್ಕರಲ್ಲಿ ಬಿದ್ದಿತ್ತು. ನಾನು ಸ್ಯಾನ್ ಡಿಯಾಗೋದ ಯೂನಿವರ್ಸಿಟಿ ಸಿಟಿಯಲ್ಲಿ, ಇನ್ನೂ ಪಿಎಚ್‌ಡಿ ಮುಗಿಸದ ಗಂಡನ ಜೊತೆ ಒಂದೇ ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿದ್ದೆ. ಅಕ್ಕ ಲಾಸ್ ಏಂಜಲೀಸಿನ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ. ಅವಳ ಕೆಲಸ ಅಲ್ಲಿ, ಅವಳ ಡಾಕ್ಟರೂ ಅಲ್ಲಿ. ಟ್ರಾಫಿಕ್ ಒಲಿದರೆ ಮೂರು ತಾಸಿನ ದಾರಿ, ಮುನಿದರೆ ಐದು.

ಅವ್ವ ಅಪ್ಪನನ್ನು ನನ್ನ ತಮ್ಮನ ಹೆಂಡತಿಯ ಕೈಗೆ ಒಪ್ಪಿಸಿ ಹುಬ್ಬಳ್ಳಿಯಿಂದ ಬಂದಿದ್ದಳು. ಸೂಟ್‌ಕೇಸಿನಲ್ಲಿ ಸೀರೆ ನಾಲ್ಕೋ ಐದೋ, ಉಳಿದದ್ದೆಲ್ಲ ಉಂಡೆಗೆ ಹಾಕುವ ಅಂಟು, ಅಳವಿ, ಒಣ ಕೊಬ್ಬರಿ, ಉತ್ತುತ್ತಿ, ಅಜವಾನ, ಬಾಣಂತಿ ಖಾರ. ಏರ್‌ಪೋರ್ಟಿನಲ್ಲಿ ಅಂಟಿನ ಚೀಲ ನೋಡಿ ಅಧಿಕಾರಿ ಇದೇನು ಕಲ್ಲೋ ಹರಳೋ ಎಂದು ಬೆಳಕಿಗೆ ಹಿಡಿದನಂತೆ. ಅವ್ವ ಹೊಟ್ಟೆ ತೋರಿಸಿ, ತೊಟ್ಟಿಲು ತೂಗುವಂತೆ ಕೈ ಆಡಿಸಿ ಪಾರಾಗಿ ಬಂದಳು. ನಮ್ಮ ಕಡೆ ಬಾಣಂತನ ಎಂದರೆ ಹಡೆಯುವ ಮುಂಚೆ ಒಂದು ತಿಂಗಳು, ಹಡೆದ ಮೇಲೆ ಮೂರು ತಿಂಗಳು. ನಡುವೆ ಬಾಣಂತನ ಮಾಡುವವಳು ಬಾಣಂತಿಯ ಹೊಸಿಲು ದಾಟುವ ಹಾಗಿಲ್ಲ. ಅವ್ವನಿಗೆ ವೀಸಾದಲ್ಲಿ ಸಿಕ್ಕದ್ದು ಆರು ತಿಂಗಳು, ಕೇಳಿಕೊಂಡರೆ ಇನ್ನಾರು. ನನ್ನದು ಡಿಸೆಂಬರ್, ಅಕ್ಕನದು ಜನವರಿ ಕೊನೆ. ಎರಡೂ ಒಂದರ ಮೇಲೊಂದು, ಯಾರಾದರೊಬ್ಬರಿಗೆ ಅವ್ವ ಇಲ್ಲ.

ನ್ಯಾಯವಾಗಿ ನೋಡಿದರೆ ಅಕ್ಕನಿಗೇ ಸಿಗಬೇಕು ಎಂದು ಊರಿನವರೆಲ್ಲ ಫೋನಿನಲ್ಲಿ ತೀರ್ಪು ಕೊಟ್ಟಾಗಿತ್ತು. ಮದುವೆಯಾಗಿ ಎಂಟು ವರ್ಷದ ಮೇಲೆ ನಿಂತ ಬಸಿರು. ಹೊತ್ತ ಹರಕೆಗಳಿಗೆ ಲೆಕ್ಕವಿಲ್ಲ. ಮೂರು ತಿಂಗಳು ತುಂಬುವವರೆಗೆ ಅವಳು ನನಗೂ ಬಾಯಿ ಬಿಟ್ಟಿರಲಿಲ್ಲ, ಕಣ್ಣು ತಾಗೀತು ಎಂದು. ಆದರೆ ನನಗೂ ಸಿಟ್ಟು ಇರುವುದು ಮೂಗಿನ ತುದಿಯಲ್ಲೇ. ನನ್ನದು ಚೊಚ್ಚಲಲ್ಲವೇ? ನನ್ನದೇ ಮೊದಲು ಬರುತ್ತದಲ್ಲವೇ? ಎಲ್ಲರೂ ಅಕ್ಕ ಅಕ್ಕ ಎನ್ನುವಾಗ ನಾನೇನು ಬೀದಿಯಲ್ಲಿ ಸಿಕ್ಕವಳೇ? ಹೀಗೆಂದು ಅವ್ವನ ಮುಂದೆ ಅಂದೂ ಬಿಟ್ಟಿದ್ದೆ. ಅವ್ವ ಸೊಪ್ಪು ಸೋಸುತ್ತ ಕೂತಳು.

ಅವ್ವ ಬಂದ ಎರಡನೇ ವಾರ, ಒಂದು ಭಾನುವಾರ, ಅಕ್ಕ ಮತ್ತು ಭಾವ ಸ್ಯಾನ್ ಡಿಯಾಗೋಗೆ ಬಂದರು. ಅಂದು ನನ್ನ ಗಂಡನ ಲ್ಯಾಬಿನವರದು ಮಿಷನ್ ಬೇ ದಂಡೆಯ ಹುಲ್ಲಿನ ಮೇಲೆ ಊಟ. ನಾವೂ ಚಿತ್ರಾನ್ನ, ಶೇಂಗಾ ಚಟ್ನಿಪುಡಿ, ರೊಟ್ಟಿ ಕಟ್ಟಿಕೊಂಡು ಎಲ್ಲರೂ ಹೋದೆವು. ಕಾರಿನಿಂದ ಇಳಿದ ಅಕ್ಕನ ಮುಖ ಬಿಳಿಚಿತ್ತು. ನಾಲ್ಕನೇ ತಿಂಗಳಿಗೂ ವಾಂತಿ ನಿಂತಿಲ್ಲವೇನೋ ಎಂದುಕೊಂಡೆ. ಭಾವ ಸದಾ ಜೋಕು ಹೊಡೆಯುವ ಮನುಷ್ಯ, ಅಂದು ಕಾರಿನ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತಿದ್ದರು.

ಲ್ಯಾಬಿನಲ್ಲಿ ಒಹಾಯೊ ಕಡೆಯ ಗೆಳೆಯನೊಬ್ಬನಿದ್ದ. ಅವನು ತನ್ನ ಟ್ರಕ್ಕಿನಿಂದ ಎರಡು ಓರೆ ಹಲಗೆ ಇಳಿಸಿದ. ಒಂದೊಂದರ ಮೇಲುಭಾಗದಲ್ಲೂ ತಟ್ಟೆಯಗಲದ ತೂತು. ಜೊತೆಗೆ ಎಂಟು ಬಟ್ಟೆಯ ಚೀಲ, ನಾಲ್ಕು ಕೆಂಪು, ನಾಲ್ಕು ನೀಲಿ. ಕಾರ್ನ್‌ಹೋಲ್ ಎಂದ. ಹಲಗೆಗಳನ್ನು ಎದುರುಬದುರು ಇಟ್ಟು, ಒಂದರ ಪಕ್ಕ ಇಬ್ಬರೂ ನಿಂತು, ಇನ್ನೊಂದರ ತೂತಿಗೆ ಚೀಲ ಎಸೆಯುವ ಆಟ. ಚೀಲದಲ್ಲಿ ಏನಿದೆ ಎಂದು ಅವ್ವ ಹಿಚುಕಿ ನೋಡಿದಳು. ಗೋವಿನಜೋಳ. ಅವಳಿಗೆ ದಿಗಿಲಾಯಿತು. ತಿನ್ನುವ ಕಾಳನ್ನು ಎಸೆದಾಡುತ್ತಾರೆ, ಹುಲ್ಲಿನ ಮೇಲೆ ಬಿದ್ದರೆ ತುಳಿಯುತ್ತಾರೆ! ಕಾಲ ಹತ್ತಿರ ಬಿದ್ದ ಒಂದು ಚೀಲವನ್ನು ಎತ್ತಿ ಕಣ್ಣಿಗೊತ್ತಿಕೊಂಡು ಅವನ ಕೈಗೆ ಕೊಟ್ಟಳು. ಅವನು ಅದು ಆಟದ ಹರಕೆ ಎಂದುಕೊಂಡನೋ ಏನೋ, ತಾನೂ ಹಣೆಗೆ ತಾಗಿಸಿಕೊಂಡೇ ಎಸೆದ.

ನನಗೆ ದಿಗಿಲಾದದ್ದು ಲೆಕ್ಕ ಕೇಳಿ. ಒಬ್ಬೊಬ್ಬರಿಗೆ ನಾಲ್ಕು ಚೀಲ, ಒಂದು ಅವರು, ಒಂದು ಇವರು, ಸರದಿಯಂತೆ. ತೂತಿಗೆ ಬಿದ್ದರೆ ಮೂರು, ಹಲಗೆಯ ಮೇಲೆ ನಿಂತರೆ ಒಂದು, ಹುಲ್ಲಿಗೆ ಬಿದ್ದರೆ ಸೊನ್ನೆ. ಇಷ್ಟು ತಿಳಿಯಿತು. ನಾನು ಗಂಡನ ಎದುರು ಒಂದು ಕೈ ಆಡಿ ಐದು ಗಳಿಸಿದೆ, ಅವರು ನಾಲ್ಕು. ನನಗೆ ಐದು ಬರೆಯಿರಿ ಎಂದೆ. ಒಹಾಯೊದವನು ತಲೆಯಾಡಿಸಿ ನಿನಗೆ ಒಂದು, ಅವನಿಗೆ ಏನೂ ಇಲ್ಲ ಎಂದ. ಅವರ ನಾಲ್ಕು ನನ್ನ ನಾಲ್ಕನ್ನು ನುಂಗಿಬಿಡುತ್ತದಂತೆ, ಹೆಚ್ಚಿಗೆ ಉಳಿದದ್ದಷ್ಟೇ ಲೆಕ್ಕವಂತೆ. ಇದೆಂಥ ಅನ್ಯಾಯ! ಚೌಕಾಬಾರದಲ್ಲಿ ಕಾಯಿ ಕಡಿಯುತ್ತಾರೆ, ಒಪ್ಪಿದೆ. ಆದರೆ ಬಿದ್ದ ಗರವನ್ನೇ ಬಿದ್ದಿಲ್ಲ ಎನ್ನುತ್ತಾರೆಯೇ? ಅವನ ಹತ್ತಿರ ಜಗಳಕ್ಕೇ ನಿಂತೆ. ಅವನು ನಗುತ್ತ ಇನ್ನೊಂದು ಬಾಂಬು ಹಾಕಿದ. ಇಪ್ಪತ್ತೊಂದು ಮುಟ್ಟಿದವರು ಗೆದ್ದಂತೆ, ಆದರೆ ಅವರ ಅಜ್ಜಿಯ ಮನೆಯ ಕಟ್ಟಳೆಯಂತೆ ಸರಿಯಾಗಿ ಇಪ್ಪತ್ತೊಂದೇ ಆಗಬೇಕು. ಒಂದು ಹೆಚ್ಚಾದರೂ ಹದಿನೈದಕ್ಕೆ ವಾಪಸು.

ಅಕ್ಕ ಚಾಪೆಯ ಮೇಲೆ ಕೂತು ಇದನ್ನೆಲ್ಲ ಕೇಳುತ್ತಿದ್ದಳು. ಊಟ ಮುಟ್ಟಿರಲಿಲ್ಲ. ಇದ್ದಕ್ಕಿದ್ದಂತೆ ಎದ್ದು ಬಂದು ಕೆಂಪು ಚೀಲಗಳನ್ನು ಕೈಗೆ ತಗೊಂಡಳು.

"ಆಡೂಣು ಬಾ," ಎಂದಳು ನನಗೆ. "ಗೆದ್ದಾಕಿಗೆ ಅವ್ವ."

ನಾನು ಬೆಪ್ಪಾಗಿ ನಿಂತೆ. ನನ್ನ ಗಂಡ ಮೊದಲು ನಕ್ಕರು, ಆಮೇಲೆ ಅವಳ ಮುಖ ನೋಡಿ ನಗು ನುಂಗಿದರು. ಭಾವ ಮುಂದೆ ಬಂದು ಬೇಡ, ಸಾಕು, ಹೋಗೋಣ ಎಂದು ಮೆಲ್ಲಗೆ ಅವಳ ತೋಳು ಹಿಡಿದರು. ಅವಳು ಕೊಡವಿಕೊಂಡಳು. ತಾನೇನು ಹಿತ್ತಾಳೆ ಕೊಡವೇ, ಪಾಲು ಹಾಕಿಕೊಳ್ಳಲಿಕ್ಕೆ ಎಂದು ಅವ್ವ ಇಬ್ಬರನ್ನೂ ಬೈದಳು. ಆದರೆ ಬೈದ ದನಿಯಲ್ಲಿ ಜೀವವಿರಲಿಲ್ಲ. ಎರಡು ವಾರದಿಂದ ತಾನು ಹೇಳಲಾರದ್ದನ್ನು ಒಂದು ಹಲಗೆ ಹೇಳಿಬಿಟ್ಟರೆ ಅವಳಿಗೂ ಹಗುರವೇ.

ನನಗೆ ಸಿಟ್ಟೂ ಬಂತು, ಹಟವೂ ಬಂತು. ಅಕ್ಕ ಹುಡುಗಿಯಾಗಿದ್ದಾಗ ಗೋಲಿ, ಚಿಣ್ಣಿದಾಂಡು ಎರಡರಲ್ಲೂ ಓಣಿಯ ಗಂಡುಹುಡುಗರಿಗೆ ಮಣ್ಣು ಮುಕ್ಕಿಸಿದವಳು. ಗೆಲ್ಲುವುದು ಖಾತ್ರಿ ಎಂದೇ ಈ ಪಂದ್ಯ ಕಟ್ಟಿದ್ದಾಳೆ ಎಂದು ನನ್ನ ಲೆಕ್ಕ. ಆಗಲಿ, ನೋಡೇಬಿಡೋಣ ಎಂದು ಸೆರಗಿಲ್ಲದಿದ್ದರೂ ಸೊಂಟಕ್ಕೆ ದುಪಟ್ಟಾ ಬಿಗಿದೆ. ಇಬ್ಬರು ಬಸುರಿಯರು ಎಂದು ಒಹಾಯೊದವನು ಹಲಗೆಗಳನ್ನು ತುಸು ಹತ್ತಿರಕ್ಕೆ ಸರಿಸಿದ.

ಅಕ್ಕ ನಿಜಕ್ಕೂ ಗೆಲ್ಲಲು ಆಡಿದಳು. ಮಾತಿಲ್ಲ, ನಗುವಿಲ್ಲ. ನಾನು ಹಲಗೆಯ ಮೇಲೆ ಒಂದು ನಿಲ್ಲಿಸಿದರೆ ಅವಳದು ತೂತಿಗೇ ಇಳಿಯುತ್ತಿತ್ತು. ನನ್ನ ಒಂದೊಂದು ಅಂಕವನ್ನೂ ಅವಳ ಅಂಕ ತಿಂದು ಹಾಕುತ್ತಿತ್ತು. ಪಕ್ಕದಲ್ಲೇ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತು, ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ಅವಳದು ಇಪ್ಪತ್ತಾಯಿತು. ಇನ್ನೊಂದೇ ಸಾಕು. ಆಗ ನಾನು ಒಂದು ಕೈ ಚೆನ್ನಾಗಿ ಆಡಿ ಹದಿನೇಳಕ್ಕೆ ಬಂದೆ. ಸುತ್ತ ಜನ ಕೂಡಿದ್ದರು. ಪಂದ್ಯ ಯಾವುದಕ್ಕೆ ಎಂದು ನಮ್ಮ ಮನೆಯವರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಕೊನೆಯ ಕೈ. ಹಿಂದಿನದು ನಾನು ಗೆದ್ದದ್ದರಿಂದ ಮೊದಲು ನನ್ನ ಚೀಲ. ತೂತಿಗೆ ಬಿತ್ತು. ಮೂರು. ಅಕ್ಕನದು ಹಲಗೆಗೂ ತಾಗದೆ ಹುಲ್ಲಿಗೆ ಬಿತ್ತು. ನನ್ನ ಎರಡನೆಯದು ತೂತಿನ ಅಂಚಿಗೆ ಹೋಗಿ ನಿಂತಿತು. ಒಟ್ಟು ನಾಲ್ಕು. ಹದಿನೇಳಕ್ಕೆ ನಾಲ್ಕು, ಇಪ್ಪತ್ತೊಂದು! ಅಕ್ಕನ ಎರಡನೆಯದೂ ಹುಲ್ಲಿಗೆ. ಇನ್ನು ನಾನು ಸುಮ್ಮನೆ ಹುಲ್ಲಿಗೆ ಎಸೆಯುತ್ತ ಹೋದರೆ ಸಾಕು. ಆದರೆ ಆ ಸಂಭ್ರಮದಲ್ಲಿ ಬುದ್ಧಿ ಎಲ್ಲಿತ್ತು? ಮೂರನೆಯದನ್ನು ಬೀಸಿ ಒಗೆದೆ. ಅದು ಹೋಗಿ ಅಂಚಿನಲ್ಲಿದ್ದ ನನ್ನದೇ ಚೀಲವನ್ನು ತೂತಿಗೆ ತಳ್ಳಿ ತಾನು ಹಲಗೆಯ ಮೇಲೆ ಕೂತಿತು. ಎಲ್ಲರೂ ಚಪ್ಪಾಳೆ ಹೊಡೆದರು. ಒಹಾಯೊದವನು ಮಾತ್ರ ತಲೆಗೆ ಕೈ ಹಚ್ಚಿದ. ಮೂರು, ಮೂರು, ಒಂದು. ಏಳು. ಹದಿನೇಳಕ್ಕೆ ಏಳು ಸೇರಿದರೆ ಇಪ್ಪತ್ನಾಲ್ಕು. ಹದಿನೈದಕ್ಕೆ ವಾಪಸು.

ಅಕ್ಕನ ಮೂರನೆಯದೂ ಹುಲ್ಲಿಗೆ ಬಿತ್ತು. ನಾನು ನಾಲ್ಕನೆಯದನ್ನು ಬೇಕೆಂದೇ ಕಾಲ ಬಳಿ ಹಾಕಿದೆ. ಮಾಡಲು ಇನ್ನೇನೂ ಇರಲಿಲ್ಲ. ಅಕ್ಕನ ಕೈಯಲ್ಲಿ ಒಂದೇ ಚೀಲ. ಅದನ್ನು ಅವಳು ಹುಲ್ಲಿಗೆ ಬಿಟ್ಟರೆ ನಾನು ಹದಿನೈದಕ್ಕೆ ಬೀಳುತ್ತೇನೆ, ಅವಳು ಇಪ್ಪತ್ತರಲ್ಲಿ ನಿಂತಿರುತ್ತಾಳೆ, ಮುಂದಿನ ಕೈಯಲ್ಲಿ ಒಂದು ಅಂಕ, ಅವ್ವ ಅವಳ ಪಾಲು. ಒಹಾಯೊದವನು ಅವಳಿಗೆ ಅದನ್ನೇ ಕೂಗಿ ಹೇಳಿದ. ಎಲ್ಲಿಗಾದರೂ ಎಸೆ, ಹಲಗೆಯ ಕಡೆಗೆ ಮಾತ್ರ ಬೇಡ ಎಂದ. ಅದೇ ಹೊತ್ತಿಗೆ ನನ್ನ ಹೊಟ್ಟೆಯೊಳಗೆ ಕೂಸು ಒದೆಯಿತು. ನಾನು ಕೈಯಿಟ್ಟುಕೊಂಡು ನಿಂತೆ. ಅಕ್ಕ ಆಟ ಶುರುವಾದ ಮೇಲೆ ಮೊದಲ ಸಲ ನನ್ನ ಕಡೆ ತಿರುಗಿ ನೋಡಿದಳು. ಆಮೇಲೆ ಹಲಗೆಯ ಕಡೆ ತಿರುಗಿ, ಉಸಿರು ಕಟ್ಟಿ, ಚೀಲವನ್ನು ನೆಟ್ಟಗೆ ತೂತಿಗೆ ಹಾಕಿದಳು.

ಏಳರಲ್ಲಿ ಮೂರು ಕಳೆದರೆ ನಾಲ್ಕು. ಹದಿನೇಳು ಮತ್ತು ನಾಲ್ಕು, ಇಪ್ಪತ್ತೊಂದು. ನಾನು ಗೆದ್ದಿದ್ದೆ.

ಗೆದ್ದೆ ಎಂದು ಕುಣಿಯಬೇಕಿತ್ತು. ನನಗೆ ಮೈಯೆಲ್ಲ ಉರಿಯಿತು. ಲೆಕ್ಕದಲ್ಲಿ ಅಕ್ಕ ಎಂದೂ ತಪ್ಪಿದವಳಲ್ಲ. ಬೇಕೆಂದೇ ಸೋತಿದ್ದಾಳೆ. ಆ ಮೂರು ಚೀಲ ಹುಲ್ಲಿಗೆ ಬಿದ್ದದ್ದೂ ಬೇಕೆಂದೇ ಎಂದು ಆಗ ಹೊಳೆಯಿತು. ಮನೆಯವರ ಮುಂದೆ ನನ್ನನ್ನು ಹಟಮಾರಿ ಮಾಡಿ, ತಾನು ದೊಡ್ಡವಳಾಗುವ ಉಪಾಯ! ಅವಳ ಕೈ ಹಿಡಿದು ಕಾರುಗಳಿದ್ದ ಕಡೆಗೆ ಎಳೆದುಕೊಂಡು ಹೋದೆ.

"ನನಗ ಭಿಕ್ಷಾ ಹಾಕಿದೇನ?" ಎಂದೆ. "ಬೇಕಂತನ ಸೋತಿ, ಹೌದಿಲ್ಲೋ?"

ಅಕ್ಕ ಕಾರಿಗೆ ಆತು ನಿಂತಳು.

"ನನಗೆಲ್ಲಿ ಬಾಣಂತನ ಇನ್ನ," ಎಂದಳು. "ಶುಕ್ರವಾರ ಸ್ಕ್ಯಾನಿಂಗ್ ಮಾಡಿದ್ರು. ಕೂಸಿನ ಎದಿಬಡಿತ ನಿಂತೈತಿ ಅಂದ್ರು."

ಕೇಳಿದ್ದು ತಲೆಗೆ ಹೋಗಲಿಲ್ಲ. ಶುಕ್ರವಾರ. ಇಂದು ಭಾನುವಾರ. ಹಾಗಾದರೆ ಎರಡು ದಿನದಿಂದ ಇವಳು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಇದ್ದಾಳೆ, ಹೊಟ್ಟೆಯಲ್ಲಿಟ್ಟುಕೊಂಡೇ ಚೀಲ ಎಸೆದಿದ್ದಾಳೆ. ನಾನು ದುಪಟ್ಟಾ ಬಿಗಿದು ಪಂದ್ಯಕ್ಕೆ ನಿಂತಿದ್ದೇನೆ. ದೂರದಲ್ಲಿ ಭಾವ ನಮಗೆ ಬೆನ್ನು ಮಾಡಿ ನೀರಿನ ಕಡೆ ನೋಡುತ್ತ ನಿಂತಿದ್ದರು.

ಅವ್ವ ನಮ್ಮ ಹಿಂದೆಯೇ ಬಂದಿದ್ದಳು. ಇಬ್ಬರೂ ಜಗಳವಾಡುತ್ತೇವೆಂದು ಬಿಡಿಸಲು ಬಂದವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ಕೂಗಿ ಅತ್ತಾಳೆಂದು ನಾನು ಹೆದರಿದೆ. ಅವ್ವ ಅಳಲಿಲ್ಲ. ಅಕ್ಕನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಬೆವರು ಒರೆಸಿ, ಆಸ್ಪತ್ರೆಗೆ ಯಾವಾಗ ಬರಹೇಳಿದ್ದಾರೆಂದು ಕೇಳಿದಳು. ನಾಳೆ ಮುಂಜಾನೆ ಎಂದಳು ಅಕ್ಕ. ಹಾಗಾದರೆ ಈಗಲೇ ಹೊರಡೋಣ ಎಂದಳು ಅವ್ವ.

"ತಂಗಿ ಗೆದ್ದಾಳಲ್ಲವ್ವಾ," ಎಂದಳು ಅಕ್ಕ. "ಮಾತಂದ್ರ ಮಾತು."

"ನಿಮ್ಮ ಆಟ ನಿಮ್ಮ ಹಂತ್ಯಾಕ ಇರಲಿ," ಎಂದಳು ಅವ್ವ. "ಹಡದಾಕಿಗೆ ಅಷ್ಟ ಅಲ್ಲ, ಕಳಕೊಂಡಾಕಿಗೂ ಬಾಣಂತನ ಐತಿ."

ಅಪಾರ್ಟ್‌ಮೆಂಟಿಗೆ ಬಂದು ಅವ್ವ ಸೂಟ್‌ಕೇಸು ತುಂಬಿದಳು. ಅಂಟು, ಅಳವಿ, ಕೊಬ್ಬರಿ, ಖಾರ, ಒಂದನ್ನೂ ಬಿಡಲಿಲ್ಲ. ನಾನು ನೋಡುತ್ತ ನಿಂತೆ. ಸುಳ್ಳೇಕೆ ಹೇಳಲಿ, ಅಕ್ಕನ ದುಃಖದ ನಡುವೆಯೂ ನನಗೆ ನನ್ನದೇ ಯೋಚನೆ ಬಂತು. ನನಗೊಂದು ಮುಷ್ಟಿ ಅಂಟನ್ನಾದರೂ ಬಿಡಬಾರದೇ? ಅವ್ವನಿಗೆ ತಿಳಿಯಿತೇನೋ, ನಿನ್ನ ಹೊತ್ತಿಗೆ ಬರುತ್ತೇನೆ ಎಂದು ತಲೆ ಸವರಿದಳು. ಡಿಸೆಂಬರಿನಲ್ಲಿ ಬಂದಳು ಕೂಡ. ಆದರೆ ಅಂದು ಅವಳು ಅಕ್ಕನ ಕಾರಿನ ಹಿಂದಿನ ಸೀಟಿನಲ್ಲಿ ಕೂತು, ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋದದ್ದನ್ನು ನೋಡಿ, ನಾನು ಪಾರ್ಕಿಂಗ್ ಲಾಟಿನಲ್ಲೇ ಕುಕ್ಕರಿಸಿ ಕೂತು ಅತ್ತೆ. ಯಾರಿಗಾಗಿ ಅತ್ತೆನೋ ನನಗೇ ಗೊತ್ತಿಲ್ಲ.

ಮುಂದಿನ ಶನಿವಾರ ನನ್ನ ಗಂಡ ನನ್ನನ್ನು ವುಡ್‌ಲ್ಯಾಂಡ್ ಹಿಲ್ಸ್‌ಗೆ ಕರೆದುಕೊಂಡು ಹೋದರು. ಬಾಗಿಲು ತೆಗೆಯುತ್ತಲೇ ಅಜವಾನದ ಹೊಗೆ, ಎಳ್ಳೆಣ್ಣೆಯ ವಾಸನೆ, ತುಪ್ಪದಲ್ಲಿ ಅಂಟು ಅರಳಿಸಿದ ವಾಸನೆ. ಭಾವ ಕುರ್ಚಿ ಹತ್ತಿ ಹೊಗೆ ಅಲಾರ್ಮಿನ ಬ್ಯಾಟರಿ ತೆಗೆದಿಟ್ಟಿದ್ದರು. ಇಲ್ಲದಿದ್ದರೆ ಅದು ದಿನಕ್ಕೆ ಎರಡು ಸಲ ಬಡಿದುಕೊಂಡು ಓಣಿಯನ್ನೇ ಎಬ್ಬಿಸುತ್ತಿತ್ತಂತೆ. ಮಲಗುವ ಕೋಣೆಯ ಬಾಗಿಲಲ್ಲಿ ನಾನು ಗರ ಬಡಿದವಳಂತೆ ನಿಂತುಬಿಟ್ಟೆ. ಮಂಚದ ಮೇಲೆ ಅಕ್ಕ, ತಲೆಗೆ ಬಟ್ಟೆ, ಕಿವಿಯಲ್ಲಿ ಹತ್ತಿ, ಸೊಂಟಕ್ಕೆ ಅವ್ವನ ಹಳೆಯ ಸೀರೆ ಸುತ್ತಿ ಬಿಗಿದಿದೆ. ಪಕ್ಕದಲ್ಲಿ ತಟ್ಟೆಯಲ್ಲಿ ಅಂಟಿನ ಉಂಡೆ, ಮೆಣಸಿನ ಸಾರು, ಬಿಸಿ ಅನ್ನ. ನಮ್ಮ ಓಣಿಯಲ್ಲಿ ನೋಡಿದ ನೂರು ಬಾಣಂತಿಯರ ಹಾಗೇ ಇದ್ದಳು. ಕೂಸೊಂದು ಇರಲಿಲ್ಲ.

ಅವ್ವ ಅಡಿಗೆಮನೆಗೆ ಹೋದಾಗ ನಾನು ಮಂಚದ ಅಂಚಿಗೆ ಕೂತೆ. ನಿನ್ನಷ್ಟು ದೊಡ್ಡ ಮನಸ್ಸು ನನಗಿಲ್ಲ, ಬೇಕೆಂದೇ ಸೋತು ಅವ್ವನನ್ನು ನನಗೆ ಕೊಟ್ಟೆ ಎಂದೆ. ಅಕ್ಕ ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದಳು.

"ನಾ ಗೆಲ್ಲಾಕನ ಆಡಿದ್ದು," ಎಂದಳು. "ಕೂಸ ಇಲ್ಲಂದಮ್ಯಾಲೆ ಬಾಣಂತನಕ್ಕ ಬಾ ಅಂತ ಅವ್ವನ ಕರಿಯೂದು ಹೆಂಗ? ಗೆದ್ದಿದ್ರ ಕೇಳೂದ ಬ್ಯಾಡಾಗಿತ್ತು."

ಅವಳಿಗೆ ಬೇಕಾಗಿದ್ದದ್ದು ಅವ್ವ. ಕಾರಣ ತೋರಿಸಲು ಕೈಯಲ್ಲಿ ಏನೂ ಇಲ್ಲವೆಂದು, ಕೇಳಲಾರದೆ, ಒಂದು ಆಟದಲ್ಲಿ ಗೆದ್ದುಕೊಳ್ಳಲು ಬಂದಿದ್ದಳು. ಆ ಮೂರು ಚೀಲ ಬೇಕೆಂದು ಬಿಟ್ಟದ್ದಲ್ಲವೇ ಎಂದು ಕೇಳಿದೆ. ಇಲ್ಲ, ಕೈ ನಡುಗಿ ಬಿದ್ದವು ಎಂದಳು. ಹಾಗಾದರೆ ನಾಲ್ಕನೆಯದು? ಅದನ್ನು ಸುಮ್ಮನೆ ಹುಲ್ಲಿಗೆ ಬಿಟ್ಟಿದ್ದರೆ ಸಾಕಿತ್ತಲ್ಲ, ಅವ್ವ ನಿನ್ನವಳೇ ಆಗುತ್ತಿದ್ದಳಲ್ಲ ಎಂದೆ.

ಅಕ್ಕ ಉಂಡೆಯನ್ನು ಮುರಿದು ಅರ್ಧ ನನ್ನ ಕೈಗೆ ಇಟ್ಟಳು.

"ನೀ ಹೊಟ್ಟಿ ಮ್ಯಾಲೆ ಕೈ ಇಟ್ಕೊಂಡು ನಿಂತಿದ್ದಿ," ಎಂದಳು.